ಗಾಡಿ ಕಟ್ಟುವವನನ್ನು ಮಾತಾಡಿಸಬಾರದು

ನಮ್ಮ ಬಯಲಿನಲ್ಲಿ ಕಾನೂನು ಕಟ್ಟಳೆ ಅಂತ ಹೆಚ್ಚೇನೂ ಇಲ್ಲ. ನಾಯಿಯನ್ನು ಕಟ್ಟಿಹಾಕಿ, ಕತ್ತಲಾದ ಮೇಲೆ ಜನರೇಟರ್ ಹಚ್ಚಬೇಡಿ ಅಂದರೆ ಕೇಳುವವರು ಕೇಳುತ್ತಾರೆ, ಇಲ್ಲದವರು ಇಲ್ಲ. ಆದರೆ ಒಂದು ಮಾತನ್ನು ಮಾತ್ರ ಇಲ್ಲಿ ಯಾರೂ ಮೀರುವುದಿಲ್ಲ. ತಾನು ವಾಸವಿರುವ ಟ್ರೈಲರನ್ನು, ಅಂದರೆ ಚಕ್ರದ ಮೇಲಿನ ಮನೆಯನ್ನು, ಪಿಕಪ್ ಟ್ರಕ್ಕಿಗೆ ಕಟ್ಟುತ್ತಿರುವವನನ್ನು ಮಾತಾಡಿಸಬಾರದು. ಹೋಗಿ ಬರುವ ಮಾತು, ಅಪ್ಪುಗೆ, ಕಣ್ಣೀರು ಎಲ್ಲ ಹಿಂದಿನ ಸಂಜೆಯೇ ಮುಗಿದಿರಬೇಕು. ಬೆಳಿಗ್ಗೆ ಅವನು ಜಾಕಿನ ಹಿಡಿಕೆ ಮುಟ್ಟಿದನೆಂದರೆ ನಾವು ಕಾಫಿ ಲೋಟ ಹಿಡಿದುಕೊಂಡು ಬೇರೆ ಕಡೆ ತಿರುಗಿ ಕೂರುತ್ತೇವೆ. ಹೊಸಬರಿಗೆ ಇದು ಸೊಕ್ಕಿನಂತೆ ಕಾಣುತ್ತದೆ. ಕಂಡರೆ ಕಾಣಲಿ.

ಕಾರಣ ಸಣ್ಣದು. ಟ್ರೈಲರಿನ ಕಬ್ಬಿಣದ ಮೂತಿ ಪಿಕಪ್ಪಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೂರಬೇಕು. ಮೂತಿಯ ಚಿಲಕ ಬೀಳಬೇಕು, ಚಿಲಕಕ್ಕೆ ಪಿನ್ನು ಹೋಗಬೇಕು. ಆಮೇಲೆ ಸರಪಳಿ, ತುರ್ತು ಬ್ರೇಕಿನ ತಂತಿ, ಕೊನೆಗೆ ದೀಪದ ಪ್ಲಗ್ಗು. ಕೈಗಳು ಈ ಸಾಲನ್ನು ತಾವೇ ನೆನಪಿಟ್ಟುಕೊಂಡಿರುತ್ತವೆ. ನಡುವೆ ಯಾರಾದರೂ ಬಂದು ‘ಯಾವ ದಾರೀಲಿ ಹೋಗ್ತೀರ?’ ಅಂದರೆ ಕೈ ನಿಲ್ಲುತ್ತದೆ. ಮತ್ತೆ ಶುರುವಾದಾಗ ಮಾಡದೆ ಬಿಟ್ಟ ಕೆಲಸವನ್ನು ಮಾಡಿದ್ದೇನೆಂದು ತಿಳಿದು ಮುಂದಿನದಕ್ಕೆ ಹೋಗಿಬಿಡುತ್ತದೆ.

ನಾನು ನೆಡ್ರಾ. ಅಮೆರಿಕದ ಉತ್ತರಕ್ಕಿರುವ ಇಡಾಹೋದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಗಂಡ ಹೋದ ಮೇಲೆ ಮನೆ ಮಾರಿ ಟ್ರೈಲರು ಸೇರಿದೆ. ಚಳಿಗಾಲ ಬಂತೆಂದರೆ ಅರಿಜೋನಾದ ಈ ಬಯಲಿಗೆ ಇಳಿಯುತ್ತೇನೆ, ಬಿಸಿಲು ಏರುವ ಮೊದಲು ಉತ್ತರಕ್ಕೆ ಹತ್ತುತ್ತೇನೆ. ನನ್ನ ಪಕ್ಕದ ಜಾಗ ಗಾರ್ಲಂಡ್ ಮತ್ತು ಓಪಲ್ ದಂಪತಿಯದು. ಬೇರೆ ಯಾರಾದರೂ ಅಲ್ಲಿ ಬಂದು ಗಾಡಿ ನಿಲ್ಲಿಸಿದರೆ ನಾನೇ ಹೋಗಿ ಎಬ್ಬಿಸುತ್ತಿದ್ದೆ.

ಗಾರ್ಲಂಡ್ ಹೊಲಕ್ಕೆ ಔಷಧಿ ಹೊಡೆಯುವ ವಿಮಾನಗಳ ಮೆಕ್ಯಾನಿಕ್ ಆಗಿದ್ದವನು. ಆ ಟ್ರೈಲರನ್ನು ಅವನು ಯಾರದೋ ಕೊಟ್ಟಿಗೆಯಿಂದ ಎಳೆದು ತಂದಾಗ ಒಳಗೆ ಇಲಿಗಳು ಸಂಸಾರ ಹೂಡಿದ್ದವಂತೆ. ಬಾಗಿಲ ಬಳಿ ನೆಲ ಕೊಳೆತು ಕಾಲು ಕೆಳಗೆ ಹೋಗುತ್ತಿತ್ತಂತೆ. ಅವನು ನೆಲ ಕಿತ್ತು ಹೊಸ ಪ್ಲೈವುಡ್ ಹಾಕಿದ, ಗೋಡೆಯ ತಗಡು ಬಿಚ್ಚಿ ಒಳಗಿನ ಮರ ಬದಲಿಸಿದ, ಚಾವಣಿಗೆ ಸೋಲಾರ್ ಏರಿಸಿದ. ಓಪಲಳ ಸೊಂಟದ ಆಪರೇಷನ್ ಆದ ಮೇಲೆ ಊಟದ ಮೇಜನ್ನು ತೆಗೆದುಹಾಕಿ ಅಲ್ಲೇ ಕಾಯಂ ಹಾಸಿಗೆ ಮಾಡಿದ. ಅವಳ ಹೊಲಿಗೆ ಯಂತ್ರಕ್ಕೆ ಅಳತೆಗೆ ಸರಿಯಾಗಿ ಒಂದು ಗೂಡು ಕೊರೆದ. ಇಷ್ಟಾದರೂ ಒಳಗೆ ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಉಸಿರು ಬಿಟ್ಟ ಮೇಲೆಯೇ ಇನ್ನೊಬ್ಬರು ಎಳೆದುಕೊಳ್ಳಬೇಕು. ಓಪಲ್ ಅದಕ್ಕೆ ‘ಬಿಸ್ಕತ್ತಿನ ಡಬ್ಬಿ’ ಅಂತ ಹೆಸರಿಟ್ಟಳು. ಬರಬರುತ್ತಾ ಬರೀ ಡಬ್ಬಿ ಆಯಿತು. ಅವರಿಗೆ ಬೇರೆ ಮನೆ ಇರಲಿಲ್ಲ.

ಪ್ರತಿ ಶರತ್ಕಾಲಕ್ಕೆ ಅವನು ಚಾವಣಿ ಹತ್ತಿ ಸಂದುಗಳಿಗೆಲ್ಲ ಹೊಸದಾಗಿ ಅಂಟು ಮೆತ್ತುತ್ತಿದ್ದ. ಪ್ರತಿ ವಸಂತಕ್ಕೆ ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸು ತುಂಬುತ್ತಿದ್ದ. ಬಯಲಿನ ಅರ್ಧ ಜನ ಟ್ರೈಲರು ನೋಡಿಕೊಳ್ಳುವುದನ್ನು ಅವನಿಂದಲೇ ಕಲಿತವರು. ಕಿಟಕಿಯ ಕೆಳಗಡೆ ಸಣ್ಣ ತೂತುಗಳಿರುತ್ತವೆ, ಒಳಗೆ ಸೇರಿದ ಮಳೆನೀರು ಹೊರಗೆ ಹೋಗಲಿಕ್ಕೆ. ಹೊಸಬರು ಸೋರಿಕೆಯೆಂದುಕೊಂಡು ಅದನ್ನೇ ಮುಚ್ಚುತ್ತಾರೆ. ‘ಆ ತೂತಿಗೆ ಅಂಟು ಹಾಕ್ದೋನು ತನ್ನ ಮೂಗಿಗೂ ಹಾಕ್ಕೊಳ್ಲಿ’ ಅಂತ ಗಾರ್ಲಂಡ್ ಬೈಯುತ್ತಿದ್ದ.

ಹಿಂದಿನ ಚಳಿಗಾಲ ಒಂದು ಮಧ್ಯಾಹ್ನ ಓಪಲ್ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ಕ್ರೋಶಾ ಕಡ್ಡಿ ಇತ್ತು.

“ಮಲ್ಗಿದ್ದಾನೆ. ಸ್ವಲ್ಪ ಬಾರೇ” ಅಂದಳು.

ಡಬ್ಬಿಯ ಕಿಟಕಿಗಳ ಕೆಳಗಿನ ತೂತುಗಳಿಗೆಲ್ಲ ಬಿಳಿ ಅಂಟು ಮೆತ್ತಿತ್ತು. ಅಚ್ಚುಕಟ್ಟಾಗಿ, ಬೆರಳಲ್ಲಿ ನೀವಿ ನೀವಿ ಮೆತ್ತಿತ್ತು.

“ಯಾರೇ ಮಾಡಿದ್ದು?” ಅಂದೆ. ಕೇಳಬಾರದಿತ್ತು. ಒಳಗಿನಿಂದ ಅವನ ಗೊರಕೆ ಕೇಳುತ್ತಿರಲು ನಾವಿಬ್ಬರೂ ಕಳ್ಳರ ಹಾಗೆ ಮಂಡಿಯೂರಿ ಕ್ರೋಶಾ ಕಡ್ಡಿಯಿಂದ ಆ ಅಂಟನ್ನು ಕೆದಕಿ ತೆಗೆದೆವು.

ಆಮೇಲೆ ಅದೇ ನಮ್ಮ ಕೆಲಸವಾಯಿತು. ಅವನು ಮಾಡುವುದು, ನಾವು ಹಿಂದಿನಿಂದ ಹೋಗಿ ಸರಿಮಾಡುವುದು. ಗ್ರೀಸು ಹಾಕಿದ ಚಕ್ರಕ್ಕೇ ಮತ್ತೆ ಗ್ರೀಸು ಹಾಕುತ್ತಿದ್ದ. ಒಮ್ಮೆ ಚಕ್ರದ ನಟ್ಟಿಗೆ ಪಿನ್ನು ಹಾಕದೆ ಮುಚ್ಚಳ ಬಡಿದುಬಿಟ್ಟಿದ್ದ, ನಾನು ಹಾಕಿದೆ. ಡಾಕ್ಟರು ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಲೈಸೆನ್ಸು ಇನ್ನೂ ಅವನ ಜೇಬಿನಲ್ಲೇ ಇತ್ತು, ಆದರೆ ಗಾಡಿ ಓಡಿಸುತ್ತಿದ್ದದ್ದು ಓಪಲ್. ಕಟ್ಟುವ ಕೆಲಸ ಮಾತ್ರ ಅವನದೇ. ಅವನು ಕಟ್ಟಿ ಮುಗಿಸಿದ ಮೇಲೆ ಇವಳು ಹಿಂದಿನ ದೀಪ ಒರೆಸುವ ನೆಪದಲ್ಲಿ ಸುತ್ತು ಹಾಕಿ, ಬಗ್ಗಿ, ಪಿನ್ನನ್ನು ಕೈಯಿಂದ ಮುಟ್ಟಿ ನೋಡಿ ಬರುತ್ತಿದ್ದಳು.

“ಅವ್ನ ಸ್ಪ್ಯಾನರು, ಸಾಮಾನು ಎಲ್ಲ ಬಚ್ಚಿಡಬಾರ್ದೇನೇ?” ಅಂತ ನಾನು ಒಮ್ಮೆ ಕೇಳಿದೆ.

“ಬಚ್ಚಿಟ್ಟು? ಅವ್ನನ್ನ ಏನ್ ಮಾಡ್ಲಿ? ಗೂಟಕ್ಕೆ ಕಟ್ಲಾ?” ಅಂದಳು ಓಪಲ್. “ನನ್ ಹೆಸ್ರು ಒಂದೊಂದ್ಸಲ ತಪ್ಪುತ್ತೆ ಕಣೇ. ಸ್ಪ್ಯಾನರ್ ಹಿಡಿದ್ರೆ ಮಾತ್ರ ಅವ್ನು ಅವ್ನೇ.”

ಏಪ್ರಿಲಿನಲ್ಲಿ ಅವರು ಹೊರಡುವ ಹಿಂದಿನ ಸಂಜೆ ನಮ್ಮಲ್ಲಿ ಊಟ. ನಾನು ಬೀನ್ಸು, ಜೋಳದ ರೊಟ್ಟಿ ಮಾಡಿದ್ದೆ. ಅಂದು ಗಾರ್ಲಂಡನ ತಲೆ ತಿಳಿಯಾಗಿತ್ತು, ಹಾಗಾಗಿಯೇ ಕಷ್ಟವಾಯಿತು. ಊಟದ ನಡುವೆ ತಟ್ಟೆ ಸರಿಸಿ ಹೆಂಡತಿಯನ್ನು ನೋಡಿದ.

“ನೀನು ದೀಪ ಒರ್ಸೋದಿಲ್ಲ” ಅಂದ. “ನನ್ನ ಪಿನ್ನು ಮುಟ್ಟಿ ನೋಡ್ತೀಯ. ನಾನು ಕಂಡಿದ್ದೀನಿ.”

ಓಪಲ್ ಚಮಚ ಕೆಳಗಿಟ್ಟಳು.

“ನಾನು ಬಿಚ್ಚಿ ಕಟ್ಟಿದ ವಿಮಾನದಲ್ಲಿ ಜನ ಹಾರ್ತಿದ್ರು. ಒಬ್ಬನೂ ಬೀಳ್ಲಿಲ್ಲ. ನನ್ ಗಾಡೀನ ನಾನು ಕಟ್ಟೋಕಾಗ್ದ ದಿನ ನನ್ನ ಯಾವ್ದಾದ್ರೂ ವೃದ್ಧಾಶ್ರಮಕ್ಕೆ ಬಿಟ್ಬಾ, ಮಾತಾಡಲ್ಲ. ಅಲ್ಲೀವರ್ಗೂ ನನ್ ಬೆನ್ನ ಹಿಂದೆ ಬರ್ಬೇಡ ಓಪಲ್. ಅದೊಂದು ಮಾಡ್ಬೇಡ.”

“ಆಯ್ತು, ಬರಲ್ಲ” ಅಂದಳು ಅವಳು.

ಅವನು ಮೇಜಿನ ಮೇಲೆ ಕೈ ಚಾಚಿ ಅವಳ ಕೈ ಹಿಡಿದುಕೊಂಡ. ನಾನು ರೊಟ್ಟಿ ತರುವ ನೆಪದಲ್ಲಿ ಎದ್ದೆ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟೊಂದು ಬೇಡಿಕೊಂಡಂತೆ ಅವನು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನಾನಿರಲಿಲ್ಲ. ಟೈರು ಬದಲಿಸಲು ಬೆಳಕು ಹರಿಯುವ ಮೊದಲೇ ಪೇಟೆಗೆ ಹೋಗಿದ್ದೆ. ಹೋಗಿ ಬರುವ ಮಾತು ಸಂಜೆಯೇ ಮುಗಿದಿತ್ತಲ್ಲ. ಅಲ್ಲಿ ಇದ್ದವಳು ಡೋರೀನ್.

ಡೋರೀನ್ ಆ ಚಳಿಗಾಲವಷ್ಟೇ ಬಂದವಳು. ದೊಡ್ಡ ಹೊಸ ಟ್ರೈಲರು, ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ಹಾರ. ಕೆಟ್ಟವಳಲ್ಲ. ಒಳ್ಳೆಯವಳಾಗಿರುವುದನ್ನು ಒಂದು ಗಳಿಗೆಯೂ ಬಿಡಲಾರದವಳು, ಅಷ್ಟೇ. ನಮ್ಮ ಕಟ್ಟಳೆಯನ್ನು ಅವಳಿಗೆ ನಾನೇ ಹೇಳಿದ್ದೆ. ‘ಪಾಪ, ಯಾರೂ ಕಳಿಸಿಕೊಡದೆ ಹೋಗಬೇಕಾ’ ಅಂತ ಅವಳಿಗೆ ಅನ್ನಿಸಿತಂತೆ. ದಾಲ್ಚಿನ್ನಿ ಹಾಕಿದ ಸಿಹಿ ಬನ್ನು ಬೇಯಿಸಿ, ಬಿಸಿಬಿಸಿ ತಟ್ಟೆ ಹಿಡಿದು ಹೋದಳು. ಗಾರ್ಲಂಡ್ ಆಗತಾನೇ ಮೂತಿಯನ್ನು ಗುಂಡಿನ ಮೇಲೆ ಇಳಿಸಿದ್ದ, ಕೈ ಚಿಲಕದ ಮೇಲಿತ್ತು. ಇವಳು ಮಾತಾಡಿಸಿದಳು. ಅವನು ಸಭ್ಯ ಮನುಷ್ಯ, ಎದ್ದು ನಿಂತು ಟೋಪಿ ತೆಗೆದ. ಬನ್ನು ತಿಂದ, ಹೊಗಳಿದ, ಬೆರಳು ಒರೆಸಿಕೊಂಡ. ಆಮೇಲೆ ಚಿಲಕ, ಪಿನ್ನು, ಸರಪಳಿ ಎಲ್ಲ ಆಗಿದೆಯೆಂಬಂತೆ ನೇರ ಹೋಗಿ ದೀಪದ ಪ್ಲಗ್ಗು ಚುಚ್ಚಿ, ಜಾಕ್ ಏರಿಸಿ, ಚಕ್ರದ ಅಡಿಯ ಕಟ್ಟಿಗೆ ತೆಗೆದ. ದೀಪಗಳೆಲ್ಲ ಉರಿಯುತ್ತಿದ್ದವು. ಓಪಲ್ ಕೊಟ್ಟ ಮಾತಿನಂತೆ ಮುಂದಿನ ಸೀಟಿನಿಂದ ಇಳಿಯಲಿಲ್ಲ.

ಮಣ್ಣು ದಾರಿಯಲ್ಲಿ ತೂಕದಿಂದಲೇ ಮೂತಿ ಗುಂಡಿನ ಮೇಲೆ ಕೂತಿತ್ತು, ಹೆದ್ದಾರಿಯಲ್ಲೂ ಬಹಳ ದೂರ ಹಾಗೆಯೇ ಬಂತು. ಕಣಿವೆ ಇಳಿಯುವಾಗ ಗಾಡಿ ರಸ್ತೆಯ ಒಂದು ಉಬ್ಬು ದಾಟಿತು. ಓಪಲ್ ಕನ್ನಡಿಯಲ್ಲಿ ನೋಡಿದಾಗ ಡಬ್ಬಿ ಅಲ್ಲಿರಲಿಲ್ಲ, ಪಕ್ಕದಲ್ಲಿತ್ತು. ಒಂದು ಕ್ಷಣ ಅವರ ಜೊತೆಜೊತೆಗೇ ಓಡಿತಂತೆ. ಆಮೇಲೆ ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗಿನ ಒಣ ಹಳ್ಳಕ್ಕೆ ಉರುಳಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ. ಅದೊಂದು ಪುಣ್ಯ.

ಹಳ್ಳದಲ್ಲಿ ಅವನು ಬದಲಿಸಿದ ಮರ, ಅವನು ಹಾಸಿದ ನೆಲ, ಹೊಲಿಗೆ ಯಂತ್ರದ ಗೂಡು ಎಲ್ಲ ಚೆಲ್ಲಿಬಿದ್ದಿದ್ದವು. ಪೊಲೀಸಿನವನು ಬಂದು ಬಾಗಿದ ಮೂತಿ ನೋಡಿ ಕೇಳಿದ, “ಇದನ್ನ ಕಟ್ಟಿದ್ದು ಯಾರು?”

ಗಾರ್ಲಂಡ್ ಬಾಯಿ ತೆರೆದ. ಅವನ ಮುಖದಲ್ಲಿ ಬೆಳಗಿನ ನೆನಪು ಒಂದಿಷ್ಟೂ ಇರಲಿಲ್ಲವೆಂದು ಓಪಲ್ ನನಗೆ ಹೇಳಿದಳು. ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ.

“ನಾನೇ” ಅಂದಳು ಓಪಲ್. “ಅವ್ನಿಗೆ ಬೆನ್ನು ಹಿಡ್ಕೊಂಡಿತ್ತು. ನಾನೇ ಕಟ್ಟಿದ್ದು.”

ಅವನು ಅವಳ ಕಡೆ ತಿರುಗಿ ನೋಡಿದ. ಬೈಯಲಿಲ್ಲ. “ಪಿನ್ನು ಹಾಕ್ಲಿಲ್ವಾ?” ಅಂದ, ಅಷ್ಟೇ.

“ಮರ್ತೆ.”

ಎಲ್ಲವನ್ನೂ ಮರೆಯುತ್ತಿದ್ದ ಆ ತಲೆಯಲ್ಲಿ ಹೆಂಡತಿ ಪಿನ್ನು ಮರೆತಳೆಂಬ ಇದೊಂದು ಮಾತ್ರ ಗಟ್ಟಿಯಾಗಿ ಕೂತಿತು. ಆದರೂ ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯಿಂದ ಅವನು ದಿನಾ ಡಬ್ಬಿ ಹುಡುಕಿಕೊಂಡು ಹೊರಡುತ್ತಿದ್ದ. ಬಿಸಿಲಲ್ಲಿ ಹೆದ್ದಾರಿಯ ಪಕ್ಕ ಸಿಕ್ಕ ಮೇಲೆ ಬೇರೆ ದಾರಿ ಇರಲಿಲ್ಲ, ಓಪಲ್ ಅವನನ್ನು ಅಲ್ಲಿನ ಆಶ್ರಮಕ್ಕೆ ಸೇರಿಸಿದಳು. ತಾನು ಅದರ ಲಾಂಡ್ರಿಯಲ್ಲೇ ಕೆಲಸಕ್ಕೆ ಸೇರಿದಳು. ಮುದುಕರ ಬಟ್ಟೆ ಮಡಚುವ ಕೆಲಸ, ಆ ಸೊಂಟ ಇಟ್ಟುಕೊಂಡು.

ನಾನು ಶರತ್ಕಾಲದಲ್ಲಿ ಮರಳಿ ಬಂದಾಗ ಓಪಲ್ಲೂ ನಾನೂ ಗುಜರಿಗೆ ಹೋದೆವು. ಡಬ್ಬಿಯ ಮುಂಭಾಗ ಇನ್ನೂ ಅಲ್ಲೇ ಬಿದ್ದಿತ್ತು. ಮೂತಿಯನ್ನು ಕತ್ತರಿಸಿ ಕೊಡಿ ಅಂದೆವು. ಗುಜರಿಯವನು ನಮ್ಮಿಬ್ಬರ ಮುಖ ನೋಡಿ ಏನೂ ಕೇಳದೆ ಕತ್ತರಿಸಿಕೊಟ್ಟ. ಅದರ ಬಾಗನ್ನು ನಾನು ತಟ್ಟಿ ಸರಿಮಾಡಿದೆ. ಒಂದು ದಪ್ಪ ಹಲಗೆಗೆ ಗುಂಡು ಕೂರಿಸಿ, ಪಕ್ಕದಲ್ಲಿ ಮೂತಿಯನ್ನು ಸಣ್ಣ ಸರಪಳಿಯಿಂದ ತಗುಲಿಸಿ ಗಾರ್ಲಂಡನ ಮೇಜಿನ ಮೇಲಿಟ್ಟೆವು.

ಅವನ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ಮೂತಿ ಎತ್ತಿ ಗುಂಡಿನ ಮೇಲೆ ಕೂರಿಸಿದ. ಚಿಲಕ ಬೀಳಿಸಿದ. ಪಿನ್ನು ತೂರಿಸಿದ, ಎಳೆದು ನೋಡಿದ. ಬಿಚ್ಚಿದ. ಮತ್ತೆ ಕಟ್ಟಿದ. ದಿನವಿಡೀ ಅದೇ. ಊಟ ಬೇಡವೆನ್ನುತ್ತಿದ್ದವನು ಊಟ ಮಾಡತೊಡಗಿದ. ಅಲೆದಾಟ ನಿಂತಿತು. ಪಕ್ಕದ ಹಾಸಿಗೆಯ ಮುದುಕನಿಗೆ ಪಾಠ ಹೇಳುತ್ತಿದ್ದ, “ನೋಡಪ್ಪ, ಕಣ್ಣನ್ನ ನಂಬ್ಬೇಡ. ಬೆರಳಲ್ಲಿ ಮುಟ್ಟಿ ನೋಡು.”

ಓಪಲ್ ಮುಟ್ಟಲು ಹೋದರೆ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದ.

“ನೀನು ಬೇಡ. ಸಾಕು ನೀನು ಕಟ್ಟಿದ್ದು” ಅನ್ನುತ್ತಿದ್ದ. ನರ್ಸುಗಳಿಗೆ ಹೇಳುತ್ತಿದ್ದ, “ನನ್ ಹೆಂಡ್ತಿ. ಅಡುಗೆ ಚೆನ್ನಾಗ್ ಮಾಡ್ತಾಳೆ. ಆದ್ರೆ ಮನೇನೇ ಹಳ್ಳಕ್ಕೆ ಹಾಕಿದ್ಳು.” ನರ್ಸುಗಳು ನಗುತ್ತಿದ್ದರು. ಓಪಲ್ ಕೂಡ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

“ಎಷ್ಟು ದಿನ ಅಂತ ಕೇಳಿಸ್ಕೊಳ್ತೀಯೇ?” ಅಂತ ಒಂದು ದಿನ ಲಾಂಡ್ರಿಯಲ್ಲಿ ಅವಳ ಮೇಲೆ ರೇಗಿದೆ. “ಬಟ್ಟೆ ಒಗ್ಯೋಳು ನೀನು, ಬೈಸ್ಕೊಳ್ಳೋಳೂ ನೀನು. ನಿಜ ಹೇಳ್ಬಿಡು ಒಂದ್ಸಲ.”

ಅವಳು ದಿಂಬಿನ ಚೀಲ ಮಡಚುತ್ತಲೇ ಹೇಳಿದಳು, “ಅವ್ನ ಹತ್ರ ಏನುಳ್ದಿದೆ ಹೇಳು. ಊರಿಲ್ಲ, ಡಬ್ಬಿ ಇಲ್ಲ, ನಾಳೆ ನಾನೂ ಇರಲ್ಲ ಅವ್ನ ತಲೇಲಿ. ‘ನಾನು ಒಂದು ಪಿನ್ನೂ ಬಿಟ್ಟೋನಲ್ಲ’ ಅನ್ನೋದೊಂದು ಉಳ್ದಿದೆ. ಅದಿರೋವರ್ಗೂ ಅವ್ನ ಕೈ ಆಡುತ್ತೆ. ನಾನ್ ಅದನ್ನ ಕಿತ್ಕೊಳ್ಳಾ?”

ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಕ್ರಿಸ್ಮಸ್ ಕಳೆದ ವಾರ ನಾನೂ ಓಪಲ್ಲೂ ಗಾರ್ಲಂಡನ ಕೋಣೆಯಲ್ಲಿ ಕೂತಿದ್ದೆವು. ಅವನು ಮೂತಿಯನ್ನು ಗುಂಡಿನ ಮೇಲೆ ಇಳಿಸಿ ಚಿಲಕಕ್ಕೆ ಕೈ ಹಾಕಿದ್ದ. ನಾವು ಬಯಲಿನ ಅಭ್ಯಾಸದಂತೆ ಸುಮ್ಮನಿದ್ದೆವು. ಆಗ ಬಾಗಿಲಲ್ಲಿ ಡೋರೀನ್ ಕಾಣಿಸಿಕೊಂಡಳು. ಕೈಯಲ್ಲಿ ಅದೇ ಸಿಹಿ ಬನ್ನಿನ ತಟ್ಟೆ.

ನಾನು ಎದ್ದು ಕೈ ಅಡ್ಡ ಮಾಡಿದೆ. ಅವಳ ಕಣ್ಣು ಆಗಲೇ ತುಂಬಿತ್ತು.

“ಗಾರ್ಲಂಡ್, ನಾನು ಹೇಳ್ಲೇಬೇಕು” ಅಂದಳು. “ಅವತ್ತು ನೀವು ಗಾಡಿ ಕಟ್ಟೋವಾಗ ನಾನು ಬಂದು ಮಾತಾಡಿಸ್ದೆ. ನೀವು ಪಿನ್ನು ಹಾಕೋದು ಬಿಟ್ಟಿದ್ದು ನನ್ನಿಂದ. ನಿಮ್ ತಪ್ಪಲ್ಲ. ಅವತ್ತಿಂದ ನನಗೆ ನಿದ್ದೆ ಇಲ್ಲ.”

“ಡೋರೀನ್, ಹೊರಗ್ ನಡಿ” ಅಂದೆ.

ಗಾರ್ಲಂಡ್ ಟೋಪಿಗಾಗಿ ತಲೆ ಮುಟ್ಟಿಕೊಂಡ. ಟೋಪಿ ಇರಲಿಲ್ಲ. “ಇಲ್ಲಮ್ಮ, ನಿಮಗ್ಯಾರೋ ತಪ್ಪು ಹೇಳಿದ್ದಾರೆ” ಅಂದ ಮೆಲ್ಲಗೆ. “ಕಟ್ಟಿದ್ದು ನನ್ ಹೆಂಡ್ತಿ.”

“ಅವ್ರು ಮುಂದೆ ಕೂತಿದ್ರಲ್ಲ. ನಾನೇ ಕಿಟಕಿಯಿಂದ ಬನ್ನು ಕೊಟ್ಟೆ. ಕೈ ತೊಡೆ ಮೇಲಿಟ್ಕೊಂಡು ಕೂತೇ ಇದ್ರು, ಇಳೀಲೇ ಇಲ್ಲ.”

“ಅವಳಿಗೆ ಸರಿಯಾಗಿ ಗೊತ್ತಿಲ್ಲ ಗಾರ್ಲಂಡ್” ಅಂದಳು ಓಪಲ್. “ನೀನು ನಿನ್ನ ಕೆಲ್ಸ ಮಾಡು.”

ಆದರೆ ಅವನು ಬನ್ನಿನ ತಟ್ಟೆ ನೋಡುತ್ತಿದ್ದ. ಆ ದಾಲ್ಚಿನ್ನಿಯ ವಾಸನೆ ಕೋಣೆಯೆಲ್ಲ ತುಂಬಿತ್ತು. ಅವನು ತನ್ನ ಬೆರಳುಗಳನ್ನು ಎತ್ತಿ ನೋಡಿಕೊಂಡ, ಪ್ಯಾಂಟಿಗೆ ನಿಧಾನವಾಗಿ ಒರೆಸಿದ.

“ಬೆರಳು ಅಂಟ್ತಿತ್ತು” ಅಂದ. “ಒರ್ಸ್ಕೊಂಡೆ.”

ಓಪಲ್ ಕುರ್ಚಿಯಿಂದ ಎದ್ದಳು.

“ನಾನ್ ಬರ್ಬೇಡ ಅಂದಿದ್ದೆ ನಿಂಗೆ. ಬಂದು ನೋಡ್ಬೇಡ ಅಂದಿದ್ದೆ.” ಅವನು ಓಪಲಳ ಕಡೆ ತಿರುಗಿದ. “ಇಷ್ಟು ದಿನ ನಿನ್ನ ಬೈದ್ನಲ್ಲೇ.”

ಅವನು ಅತ್ತ. ಎಪ್ಪತ್ತು ದಾಟಿದ ಗಂಡಸು ಬಾಯಿ ತೆರೆದು ಅತ್ತ. ಓಪಲ್ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನು ಡೋರೀನಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದೆ.

“ಈಗ ನಿದ್ದೆ ಬರುತ್ತಾ?” ಅಂದೆ.

“ನಾನು ಕ್ಷಮೆ ಕೇಳೋಕೆ ಬಂದೆ, ನೆಡ್ರಾ. ತಪ್ಪು ನಂದು ಅಂತ ಹೇಳೋಕೆ. ಅವರಿಗೆ ಸಮಾಧಾನ ಆಗ್ಲಿ ಅಂತ.”

“ನಿನ್ ಸಮಾಧಾನಕ್ಕೆ ಬಂದೆ. ಆ ಮನುಷ್ಯ ಚಿಲಕದ ಮೇಲೆ ಕೈ ಇಟ್ಟಿದ್ದ. ಕಾಣ್ಲಿಲ್ವಾ ನಿಂಗೆ? ಎರಡ್ನೇ ಸಲ.”

ಅವಳು ತಟ್ಟೆ ಹಿಡಿದು ಅಳುತ್ತಾ ಕಾರು ಹತ್ತಿದಳು. ಅವಳ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ, ಇವತ್ತಿಗೂ ಹುಟ್ಟಿಲ್ಲ.

ಒಳಗೆ ಬಂದಾಗ ಗಾರ್ಲಂಡ್ ನಿದ್ದೆ ಹೋಗಿದ್ದ. ಸಂಜೆ ಎದ್ದು ಸೂಪು ಕುಡಿದ. ಮುಖ ತಿಳಿಯಾಗಿತ್ತು. ಡೋರೀನ್ ಬಂದದ್ದು, ಬನ್ನು, ಅತ್ತದ್ದು ಯಾವುದೂ ಅವನಿಗೆ ನೆನಪಿರಲಿಲ್ಲ. “ಇವತ್ತು ಯಾರಾದ್ರೂ ಬಂದಿದ್ರಾ?” ಅಂತ ಓಪಲ್ ಮೆಲ್ಲಗೆ ಕೇಳಿದಳು. “ಯಾರೂ ಇಲ್ಲ” ಅಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನ ಕಾಯಿಲೆಗೆ ನಾನು ಕೈಮುಗಿದದ್ದು ಅದೊಂದೇ ಸಲ. ನಾಳೆ ಎಲ್ಲ ಮೊದಲಿನಂತೆ ಆಗುತ್ತದೆಂದು ನಂಬಿ ನಾನು ಬಯಲಿಗೆ ಮರಳಿದೆ.

ಮರುದಿನ ನಾನು ಮತ್ತೆ ಹೋಗಿದ್ದಾಗ ಓಪಲ್ ಹಲಗೆಯನ್ನು ಅವನ ಮುಂದೆ ಸರಿಸಿದಳು. ಅವನು ಅದನ್ನು ನೋಡಿದ. ಎರಡೂ ಕೈಗಳನ್ನು ತೊಡೆಯ ಅಡಿಗೆ ತೂರಿಸಿ ಕೂತ.

“ಚೆನ್ನಾಗಿದೆ” ಅಂದ. “ಯಾರ್ದು?”

“ನಿಂದೇ. ಕಟ್ಟು ನೋಡೋಣ.”

“ಗೊತ್ತಿರೋರ ಹತ್ರ ಮಾಡಿಸ್ಬೇಕು ಇದನ್ನ.”

ಅವನಿಗೆ ಏಕೆಂದು ತಿಳಿದಿರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ತಲೆ ಮರೆತದ್ದನ್ನು ಕೈಗಳು ಮರೆತಿರಲಿಲ್ಲ. ಅದಕ್ಕೂ ಮರುದಿನ ಅದೇ, ಆಮೇಲಿನ ವಾರವೂ ಅದೇ. ನರ್ಸು ಪಿನ್ನನ್ನು ಕೈಯಲ್ಲಿಟ್ಟರೆ ಬಿಸಿ ತಾಗಿದಂತೆ ಬಿಟ್ಟುಬಿಡುತ್ತಿದ್ದ. ಊಟ ಮತ್ತೆ ಕಡಿಮೆಯಾಯಿತು. ಹೆಂಡತಿ ಮನೆ ಕಳೆದಳೆಂಬ ಬೈಗುಳವೂ ನಿಂತಿತು. ಆ ಬೈಗುಳ ಮತ್ತೆ ಕೇಳಲೆಂದು ಓಪಲ್ ಬೇಕೆಂತಲೇ ಮೂತಿಯನ್ನು ಮುಟ್ಟುತ್ತಿದ್ದಳು. ಅವನು ತಡೆಯುತ್ತಿರಲಿಲ್ಲ.

ಕೊನೆಯ ಸಲ ನಾನು ಹೋದಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಓಪಲ್ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಹಲಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಮೂತಿಯನ್ನು ಗುಂಡಿನ ಮೇಲೆ ಕೂರಿಸಿದಳು. ಚಿಲಕ ಬೀಳಿಸಿದಳು. ಪಿನ್ನನ್ನು ಮಾತ್ರ ಬೇಕೆಂತಲೇ ಹಾಕದೆ ಅವನ ಮುಂದೆ ಚಾಚಿದಳು.

“ಸರಿ ಕಟ್ಟಿದ್ದೀನಾ ನೋಡು, ಗಾರ್ಲಂಡ್.”

ಅವನು ಹಲಗೆಯನ್ನೂ ಅವಳನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಮರ್ಯಾದೆಯಿಂದ ತಲೆ ಬಗ್ಗಿಸಿದ.

“ನನ್ನ ಕೇಳ್ಬೇಡಿ ತಾಯಿ” ಅಂದ. “ನನ್ನ ಕೆಲ್ಸಾನ ನಂಬೋಕಾಗಲ್ಲ. ಮನೇಲಿ ಯಾರಾದ್ರೂ ಇದ್ರೆ ನನ್ನ ಹಿಂದೆ ಬಂದು ಒಂದ್ಸಲ ನೋಡೋಕೆ ಹೇಳಿ.”

ಓಪಲ್ ಪಿನ್ನನ್ನು ಚಿಲಕಕ್ಕೆ ತೂರಿಸಿ, ಬೆರಳಿನಿಂದ ಮುಟ್ಟಿ ನೋಡಿ, ಹಲಗೆಯನ್ನು ಮಂಚದ ಕೆಳಗೆ ಸರಿಸಿದಳು.